ಪಾಗಾರದ ಬುಡದ ನೆಲಗಪ್ಪೆಗೆ ಹೆಸರೇನು?

ಪತ್ತನಾಜೆ ಕಳೆದು ಮೊದಲ ಜೋರು ಮಳೆ ಬಿದ್ದ ರಾತ್ರಿ ಮಂಗಳೂರಿನಲ್ಲಿ ಎರಡು ಸಂಗತಿಗಳು ಖಂಡಿತ. ಒಂದು, ಕರೆಂಟು ಹೋಗುತ್ತದೆ. ಇನ್ನೊಂದು, ಕರೆಂಟು ಬಂದ ಕೂಡಲೇ ಜಗಲಿಯ ಟ್ಯೂಬ್‌ಲೈಟಿನ ಕೆಳಗೆ ಒಬ್ಬ ಅತಿಥಿ ಕುಳಿತಿರುತ್ತಾನೆ. ಮೈತುಂಬ ಗಂಟು, ಗಿಡ್ಡ ಕಾಲು, ಬಾಡಿಗೆ ಕೇಳಲು ಬಂದ ಧಣಿಯಂತಹ ಮುಖ. ಬೆಳಕಿಗೆ ಬಂದು ಬೀಳುವ ಮಳೆಹುಳುಗಳನ್ನು ಒಂದೊಂದಾಗಿ ನಾಲಿಗೆಯಿಂದ ಎಳೆದುಕೊಳ್ಳುತ್ತಾ, ಯಾರು ಬಂದರೂ ಏಳದೆ ಕುಳಿತಿರುತ್ತಾನೆ.

ಈ ಸಲ ಆ ಅತಿಥಿಯನ್ನು ಮೊದಲು ನೋಡಿದವನು ಪಕ್ಕದ ಮನೆಯ ಹುಡುಗ, ಐದನೆಯ ತರಗತಿ. ಕೈಯಲ್ಲಿ ಉಪ್ಪಿನ ಡಬ್ಬಿ ಹಿಡಿದುಕೊಂಡೇ ಬಂದಿದ್ದ.

"ಅಜ್ಜಾ, ಅದು ವಿಷ ಉಗುಳ್ತದಂತೆ. ಉಪ್ಪು ಹಾಕಿದ್ರೆ ಓಡ್ತದಂತೆ."

"ಯಾರು ಹೇಳಿದ್ದು ಮಾರಾಯ?"

"ಅಮ್ಮಮ್ಮ."

"ಆಯ್ತು. ಅದರ ಹೆಸರು ಎಂತ ಗೊತ್ತುಂಟಾ?"

"ಕಪ್ಪೆ."

"ಯಾವ ಕಪ್ಪೆ?"

ಅವನು ಸ್ವಲ್ಪ ಯೋಚಿಸಿದ. "ಚೀ ಕಪ್ಪೆ" ಅಂದ.

ಉಪ್ಪಿನ ಡಬ್ಬಿಯನ್ನು ನಾನು ಇಸಿದುಕೊಂಡೆ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಡ್ಜರು ಬರೆದವನಿಗೆ ಕಪ್ಪೆಯ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಖಾತೆ ತೆರೆಯಬೇಕಾದರೆ ಮೊದಲು ಹೆಸರು ಬೇಕು. ಹೆಸರಿಲ್ಲದವರ ಪರವಾಗಿ ಯಾರೂ ಮಾತಾಡುವುದಿಲ್ಲ. ಅಷ್ಟು ನನಗೆ ಗೊತ್ತು. ಆದ್ದರಿಂದ ಈ ವಾರ ನೆಲಗಪ್ಪೆಗಳ ಹೆಸರುಗಳ ವಿಚಾರ.

ಮೊದಲು ಕಪ್ಪೆ ಯಾವುದು, ನೆಲಗಪ್ಪೆ ಯಾವುದು? ಎಲ್ಲ ನೆಲಗಪ್ಪೆಗಳೂ ಕಪ್ಪೆಗಳೇ, ಎಲ್ಲ ಕಪ್ಪೆಗಳೂ ನೆಲಗಪ್ಪೆಗಳಲ್ಲ. ನೆಲಗಪ್ಪೆಗಳದ್ದು ಕಪ್ಪೆಗಳ ದೊಡ್ಡ ಕುಲದೊಳಗೆ ಒಂದು ಕುಟುಂಬ. ಗದ್ದೆಯ ಕಪ್ಪೆಯ ಮೈ ನುಣುಪು, ಒದ್ದೆ. ಹಿಂಗಾಲು ಉದ್ದ, ಹಾರಿದರೆ ನಾಲ್ಕು ಮಾರು ಆಚೆ. ನೆಲಗಪ್ಪೆಯ ಮೈ ಒಣಗಿದ ಹಾಗಿರುತ್ತದೆ, ಚರ್ಮ ದೊರಗು, ಕಾಲು ಗಿಡ್ಡ. ಅದು ಹಾರುವುದಲ್ಲ, ಕುಪ್ಪಳಿಸುವುದು. ಅವಸರವಿಲ್ಲದಿದ್ದರೆ ನಡೆಯುವುದೂ ಉಂಟು. ನೀರಿನ ಬದಿಯಲ್ಲೇ ಇರಬೇಕೆಂಬ ಹಟ ಅದಕ್ಕಿಲ್ಲ. ಹೂವಿನ ಚಟ್ಟಿಯ ಅಡಿ, ಪಾಗಾರದ ಸಂದು, ತೆಂಗಿನ ಸೋಗೆಯ ರಾಶಿ, ಬಚ್ಚಲಿನ ಹಿಂದಿನ ತಂಪು, ಎಲ್ಲಿಯಾದರೂ ಆದೀತು. ಬಾಯಿಂದ ನೀರು ಕುಡಿಯುವ ಅಭ್ಯಾಸವೂ ಅದಕ್ಕಿಲ್ಲ. ಒದ್ದೆ ನೆಲದ ಮೇಲೆ ಹೊಟ್ಟೆಯೂರಿ ಕುಳಿತರೆ ಚರ್ಮವೇ ನೀರನ್ನು ಹೀರಿಕೊಳ್ಳುತ್ತದೆ. ಉಪ್ಪು ಅದಕ್ಕೆ ಯಾಕೆ ನರಕ ಎಂಬುದು ಈಗ ಅರ್ಥವಾಗಿರಬೇಕು. ನೀರನ್ನು ಒಳಗೆ ಬಿಡುವ ಚರ್ಮದಿಂದಲೇ ಉಪ್ಪು ನೀರನ್ನು ಹೊರಗೆ ಎಳೆಯುತ್ತದೆ. ನೆಲಗಪ್ಪೆ ಓಡಿಹೋದ ಹಾಗೆ ನಮಗೆ ಕಾಣುತ್ತದೆ. ಅದು ಉರಿ ತಾಳಲಾರದ ಒದ್ದಾಟ.

ಮೊಟ್ಟೆಯಲ್ಲೂ ವ್ಯತ್ಯಾಸವಿದೆ. ಗದ್ದೆಯ ಕಪ್ಪೆಗಳ ಮೊಟ್ಟೆ ಸಾಮಾನ್ಯವಾಗಿ ಸಾಬಕ್ಕಿ ಪಾಯಸದಂತೆ ಮುದ್ದೆಯಾಗಿ ತೇಲುತ್ತದೆ. ನಮ್ಮ ನೆಲಗಪ್ಪೆಯದು ಕರಿಮಣಿ ಸರದ ಹಾಗೆ. ಲೋಳೆಯ ಉದ್ದ ದಾರದೊಳಗೆ ಕಪ್ಪು ಮಣಿಗಳು ಸಾಲಾಗಿ, ನೀರಿನಲ್ಲಿ ಗಿಡಕ್ಕೆ ಸುತ್ತಿಕೊಂಡಿರುತ್ತವೆ. ಅದರಿಂದ ಬರುವ ಗೊದಮೊಟ್ಟೆಗಳೂ ಕಪ್ಪು, ಹಿಂಡು ಹಿಂಡು. ಮಕ್ಕಳು ಮೀನಿನ ಮರಿ ಎಂದು ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಸಿ ಮನೆಗೆ ತಂದು, ಮೂರನೆಯ ದಿನ ಅಮ್ಮನಿಂದ ಬೈಸಿಕೊಳ್ಳುವುದು ಹೆಚ್ಚಾಗಿ ಇವುಗಳ ದೆಸೆಯಿಂದಲೇ.

ಇನ್ನು ಹೆಸರು. ನಮ್ಮ ಜಗಲಿಗೆ ಬರುವ ನೆಲಗಪ್ಪೆಗೆ ಶಾಸ್ತ್ರದಲ್ಲಿ ದೊಡ್ಡ ಹೆಸರಿದೆ: ದತ್ತಾಫ್ರೈನಸ್ ಮೆಲನೊಸ್ಟಿಕ್ಟಸ್. ಮಕ್ಕಳೇ, ಹೆದರಬೇಡಿ, ಬಿಡಿಸಿ ಹೇಳುತ್ತೇನೆ. ಹಿಂದಿನ ತುಂಡು ಹಳೆಯದು. ಗ್ರೀಕ್ ಭಾಷೆಯಲ್ಲಿ 'ಕಪ್ಪು ಚುಕ್ಕೆಯದು' ಎಂದರ್ಥ. ಟಾರ್ಚು ಹಿಡಿದು ನೋಡಿದರೆ ಮೈಮೇಲಿನ ಒಂದೊಂದು ಗಂಟಿನ ತುದಿಯಲ್ಲೂ ಮಸಿ ತಾಗಿಸಿದಂತೆ ಕಪ್ಪು ಕಾಣುತ್ತದೆ. ತಲೆಯ ಮೇಲೆ, ಕಣ್ಣಿನ ಸುತ್ತ, ಕಾಡಿಗೆ ಎಳೆದಂತೆ ಕಪ್ಪು ಏಣುಗಳಿವೆ. ಈ ಹೆಸರು ಇಟ್ಟವರು ಜರ್ಮನಿಯ ಶ್ನೈಡರ್, 1799ರಲ್ಲಿ. ತಮಾಷೆಯೆಂದರೆ ಅವರ ಮುಖ್ಯ ಕಸುಬು ಪ್ರಾಣಿಶಾಸ್ತ್ರವಲ್ಲ. ಅವರು ಗ್ರೀಕ್ ಪಂಡಿತರು, ಗ್ರೀಕ್–ಜರ್ಮನ್ ನಿಘಂಟು ಮಾಡಿದವರು. ನಿಘಂಟು ಮಾಡುವ ಜರ್ಮನರು ಮಂಗಳೂರಿನವರಿಗೆ ಹೊಸಬರಲ್ಲ. ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದದ್ದು ನಮ್ಮ ಊರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲೇ. ಶಬ್ದ ಹೆಕ್ಕುವವರಿಗೆ ಕಪ್ಪೆಯೂ ಬೇಕಾಗುತ್ತದೆ ಎಂದು ಕಾಣುತ್ತದೆ.

ಮುಂದಿನ ತುಂಡು ಹೊಸದು. ಇನ್ನೂರು ವರ್ಷ ಈ ಪ್ರಾಣಿಯನ್ನು ಯುರೋಪಿನ ನೆಲಗಪ್ಪೆಗಳ ಜೊತೆಗೆ 'ಬ್ಯೂಫೊ' ಎಂಬ ಒಂದೇ ಮನೆತನದ ಹೆಸರಿನಲ್ಲಿ ಇಟ್ಟಿದ್ದರು. 2006ರಲ್ಲಿ ಮನೆ ಪಾಲಾಯಿತು. ನಮ್ಮ ಕಡೆಯ ನೆಲಗಪ್ಪೆಗಳು ಬೇರೆ ಮನೆ ಮಾಡಿದಾಗ, ಒಡಿಶಾದ ಕಪ್ಪೆ ತಜ್ಞ ಸುಶೀಲ್ ಕುಮಾರ್ ದತ್ತ ಅವರ ಗೌರವಕ್ಕೆ 'ದತ್ತಾಫ್ರೈನಸ್' ಎಂದು ಹೆಸರಿಟ್ಟರು. ಫ್ರೈನ್ ಎಂದರೆ ಗ್ರೀಕಿನಲ್ಲಿ ನೆಲಗಪ್ಪೆ. ಅಂದರೆ ನಿಮ್ಮ ಚಪ್ಪಲಿ ಸ್ಟ್ಯಾಂಡಿನ ಅಡಿಯಲ್ಲಿ ಕುಳಿತವನು 'ದತ್ತರ ನೆಲಗಪ್ಪೆ, ಕಪ್ಪು ಚುಕ್ಕೆಯವನು'. ಪಕ್ಕದ ಮನೆಯ ಹುಡುಗನಿಗೆ ಇದು ಬಹಳ ಹಿಡಿಸಿತು. ಮರುದಿನದಿಂದ ಅವನು ಅದನ್ನು 'ದತ್ತಣ್ಣ' ಎಂದು ಕರೆಯತೊಡಗಿದ್ದಾನೆ.

ಇದೇ ಮನೆತನದ ಇನ್ನೊಬ್ಬ ನಮ್ಮ ನಾಡಿನ ಬಯಲು ಪ್ರದೇಶಗಳಲ್ಲಿದ್ದಾನೆ, ಗಾತ್ರದಲ್ಲಿ ತುಂಬ ಚಿಕ್ಕವ. ಇವನಿಗೂ ಅದೇ ಶ್ನೈಡರ್ ಅದೇ ವರ್ಷ ಹೆಸರಿಟ್ಟರು: ಸ್ಕೇಬರ್, ಲ್ಯಾಟಿನ್ನಿನಲ್ಲಿ 'ದೊರಗು' ಎಂದರ್ಥ. ದೊಡ್ಡ ನೆಲಗಪ್ಪೆಯ ಮರಿ ಇರಬೇಕೆಂದು ಇವನನ್ನು ಕಂಡವರು ಸುಮ್ಮನಾಗುತ್ತಾರೆ. ಘಟ್ಟ ಹತ್ತಿದರೆ ತಲೆಯ ಮೇಲೆ ಏಣು ಎದ್ದು ಕಾಣುವ ಕಾಡಿನ ನೆಲಗಪ್ಪೆ ಇದೆ, ಪೆರೈಟ್ಯಾಲಿಸ್ ಎಂದು. ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಕುಳಿತು ಬೊಲೆಂಜರ್ 1882ರಲ್ಲಿ ಅದನ್ನು ವಿವರಿಸಿದರು.

ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ಮರ ಹತ್ತುವ ನೆಲಗಪ್ಪೆ. ನೆಲಗಪ್ಪೆ ಎಂದಮೇಲೆ ನೆಲದಲ್ಲಿರಬೇಕಲ್ಲ? ಇವನು ಇರುವುದಿಲ್ಲ. ಪೆಡೊಸ್ಟಿಬಿಸ್ ಟ್ಯೂಬರ್ಕ್ಯುಲೋಸಸ್, ಮಲಬಾರಿನ ಮರನೆಲಗಪ್ಪೆ. ಪಶ್ಚಿಮ ಘಟ್ಟದ ಮಳೆಕಾಡಿನಲ್ಲಿ ಮಾತ್ರ ಇರುವ ಜೀವಿ, ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಬೆರಳ ತುದಿ ಅಗಲವಾಗಿ, ಎಲೆಗೆ ಕಾಂಡಕ್ಕೆ ಅಂಟಿಕೊಳ್ಳುವಂತಿದೆ. ಮಳೆಗಾಲ ಶುರುವಾದ ಮೇಲೆ ಮೊಟ್ಟೆಯಿಡಲು ಮಾತ್ರ ಮರದಿಂದ ಇಳಿದು ತೋಡಿನ ಬದಿಗೆ ಬರುತ್ತದೆ. 'ಮರನೆಲಗಪ್ಪೆ' ಎಂಬ ಶಬ್ದವನ್ನು ಬರೆಯುವಾಗ ನನಗೇ ನಗು ಬಂತು, ಮರವೋ ನೆಲವೋ ಒಂದನ್ನು ಹೇಳಬಾರದೇ ಎಂದು. ಆದರೆ ಇಂಗ್ಲಿಷಿನಲ್ಲೂ ಅದನ್ನು ಟ್ರೀ ಟೋಡ್ ಎಂದೇ ಕರೆಯುತ್ತಾರೆ.

ಕೊಡಗಿನ ಬ್ರಹ್ಮಗಿರಿಯ ತೊರೆಗಳ ಬದಿಯಲ್ಲಿ ಇನ್ನೊಂದು ಪುಟ್ಟ ನೆಲಗಪ್ಪೆ ಇದೆ. ಬೆನ್ನು ಕಪ್ಪು, ಹೊಟ್ಟೆ ತಿರುಗಿಸಿದರೆ ಬಣ್ಣದ ಚಿತ್ತಾರ. ಅದಕ್ಕೇ 'ಆರ್ನೇಟ', ಅಲಂಕಾರದ್ದು ಎಂಬ ಹೆಸರು. ಇದರ ಮನೆತನಕ್ಕೆ 2009ರಲ್ಲಿ ಸಿಕ್ಕಿದ ಹೆಸರು 'ಘಟೊಫ್ರೈನ್'. ನಮ್ಮ 'ಘಟ್ಟ' ಗ್ರೀಕಿನ 'ಫ್ರೈನ್'ನೊಂದಿಗೆ ಸೇರಿ ಘಟ್ಟದ ನೆಲಗಪ್ಪೆ! ಅದೇ ವರ್ಷ ಬೆಳಗಾವಿಯಿಂದ ಆಚೆ, ಮಹಾರಾಷ್ಟ್ರದ ಅಂಬೋಲಿಯಲ್ಲಿ ಹುಲಿಯಂತೆ ಪಟ್ಟೆಯಿರುವ ಹಳದಿ ನೆಲಗಪ್ಪೆಗೂ ನಾಮಕರಣವಾಯಿತು, ಟೈಗ್ರಿನ ಎಂದು.

ಹೊರಗಿನವರು ಇಟ್ಟ ಹೆಸರು ಇಷ್ಟಾಯಿತು; ನಾವೇ ಏನೂ ಹೆಸರಿಡಲಿಲ್ಲವೇ ಎಂದು ಕೇಳಿದರೆ, ಧಾರಾಳ ಇಟ್ಟಿದ್ದೇವೆ. ಋಗ್ವೇದದ ಏಳನೆಯ ಮಂಡಲದಲ್ಲಿ ಕಪ್ಪೆಗಳ ಮೇಲೆಯೇ ಒಂದು ಸೂಕ್ತವಿದೆ, 103ನೆಯದು. ಗುರು ಹೇಳಿದ್ದನ್ನು ಶಿಷ್ಯರು ಹೇಳುವ ಹಾಗೆ ಒಂದು ಕೂಗಿದರೆ ಇನ್ನೊಂದು ಕೂಗುತ್ತದೆ ಎನ್ನುವ ಹೋಲಿಕೆ ಅಲ್ಲಿದೆ. ಅಷ್ಟಕ್ಕೇ ನಿಲ್ಲದೆ ಕಪ್ಪೆಗಳನ್ನು ಬೇರೆ ಬೇರೆ ಗುರುತಿಸುತ್ತಾರೆ: ದನದಂತೆ ಕೂಗುವುದು, ಆಡಿನಂತೆ ಕೂಗುವುದು, ಮೈಯಲ್ಲಿ ಚುಕ್ಕೆಯಿರುವುದು, ಹಸಿರು ಬಣ್ಣದ್ದು. ಕೂಗಿನಿಂದ ಕಪ್ಪೆಯ ಜಾತಿ ಹಿಡಿಯುವ ಕೆಲಸವನ್ನು ಇಂದಿನ ವಿಜ್ಞಾನಿಗಳು ಯಂತ್ರವಿಟ್ಟು ಮಾಡುತ್ತಾರೆ. ಆ ಋಷಿ ಬರೇ ಕಿವಿಯಿಂದ ಮಾಡಿದ್ದರು. ಅಮರಕೋಶ ಬಾಯಿಪಾಠ ಮಾಡಿದ ಹಿರಿಯರು ಇದನ್ನು ಓದುತ್ತಿದ್ದರೆ ಭೇಕ, ಮಂಡೂಕ, ವರ್ಷಾಭೂ, ಶಾಲೂರ, ಪ್ಲವ, ದರ್ದುರ ಎಂದು ಈಗಾಗಲೇ ಹೇಳಲು ಶುರುಮಾಡಿರುತ್ತಾರೆ. ಇವುಗಳಲ್ಲಿ ವರ್ಷಾಭೂ ನನಗೆ ಪ್ರಿಯ: ಮಳೆಯಲ್ಲಿ ಹುಟ್ಟಿದ್ದು.

ನೆರೆಹೊರೆಯ ಭಾಷೆಗಳಲ್ಲಿ ತಮಿಳರು ಕಪ್ಪೆಗೆ ತವಳೈ ಎಂದೂ ನೆಲಗಪ್ಪೆಗೆ ತೇರೈ ಎಂದೂ ಎರಡು ಬೇರೆಯೇ ಶಬ್ದ ಇಟ್ಟುಕೊಂಡಿದ್ದಾರೆ. ಕಾಸರಗೋಡು ದಾಟಿದರೆ ಮಲಯಾಳಿಗಳಿಗೆ ಅದು ಚೊರಿತ್ತವಳ, ಅಂದರೆ ತುರಿಕೆಯ ಕಪ್ಪೆ. ಪಾಪ, ಹೆಸರಿನಲ್ಲೇ ಆರೋಪ! ಕನ್ನಡದ ನೆಲಗಪ್ಪೆ ಮರ್ಯಾದಸ್ಥ ಹೆಸರು, ಆದರೆ ಪಠ್ಯಪುಸ್ತಕದ ಆಚೆ ಅದನ್ನು ಬಳಸುವವರು ಎಷ್ಟು ಮಂದಿ? ಗದ್ದೆಯ ದೊಡ್ಡ ಕಪ್ಪೆಗಾದರೋ ಗೋಂಕರು ಕಪ್ಪೆ ಎಂಬ ಗಟ್ಟಿ ಹೆಸರಿದೆ. ಮೊದಲ ಮಳೆಗೆ ಗಂಡು ಗೋಂಕರು ಅರಸಿನ ಹಚ್ಚಿದ ಮದುಮಗನಂತೆ ಹಳದಿಯಾಗಿ ಟ್ರಾಂವ್ ಟ್ರಾಂವ್ ಎಂದು ಗದ್ದೆಯೇ ನಡುಗುವಂತೆ ಕೂಗುವುದನ್ನು ಕೇಳಿದವರು ಆ ಹೆಸರು ಮರೆಯುವುದಿಲ್ಲ. ಇವುಗಳ ಕಾಲು ವಿದೇಶದವರ ಊಟದ ತಟ್ಟೆಗೆ ಹೋಗುತ್ತಿತ್ತು. ಗದ್ದೆಯಲ್ಲಿ ಕೀಟ ತಿನ್ನುವವರನ್ನು ಮಾರಿ ಕೀಟನಾಶಕ ಕೊಳ್ಳುವ ವ್ಯಾಪಾರ ಅದು. 1987ರಲ್ಲಿ ಸರಕಾರ ರಫ್ತು ನಿಲ್ಲಿಸಿತು. ಅಂದಹಾಗೆ ಕಪ್ಪೆಚಿಪ್ಪಿಗೂ ಕಪ್ಪೆಗೂ ಏನೂ ಸಂಬಂಧವಿಲ್ಲ. ಆದರೂ ಅದಕ್ಕೆ ಕಪ್ಪೆಯ ಹೆಸರು ಹೇಗೆ ಅಂಟಿತೋ! ನಮ್ಮಲ್ಲಿ ಮರುವಾಯಿ ಎಂದೇ ಹೇಳುವುದರಿಂದ ಈ ಗೊಂದಲವಿಲ್ಲ.

ನಮ್ಮ ಊರಿನ ಹೆಸರು ಹೊತ್ತ ಕಪ್ಪೆಯೂ ಇದೆ ಎಂದರೆ ನಂಬುತ್ತೀರಾ? ನಮ್ಮದು ಹೆಸರುಗಳಿಗೆ ಬಡತನವಿಲ್ಲದ ಊರು. ಕನ್ನಡದಲ್ಲಿ ಮಂಗಳೂರು, ತುಳುವಿನಲ್ಲಿ ಕುಡ್ಲ, ಬ್ಯಾರಿಗಳಿಗೆ ಮೈಕಾಲ, ಕೊಂಕಣಿಯಲ್ಲಿ ಕೊಡಿಯಾಲ್. ಕಪ್ಪೆಗೆ ಸಿಕ್ಕಿದ್ದು ಕೊನೆಯದು. 2018ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದವರೂ ಸೇರಿದ್ದ ಒಂದು ತಂಡ ನಗರದೊಳಗೇ ಒಂದು ಹೊಸ ಕಪ್ಪೆಯನ್ನು ಗುರುತಿಸಿ 'ಮೈಕ್ರೊಹೈಲ ಕೊಡಿಯಾಲ್' ಎಂದು ಹೆಸರಿಟ್ಟಿತು. ಇದು ನೆಲಗಪ್ಪೆಯ ಕುಟುಂಬದ್ದಲ್ಲ, ಕಿರುಬಾಯಿಯ ಪುಟ್ಟ ಕಪ್ಪೆ. ಸಿಕ್ಕಿದ್ದಾದರೂ ಎಲ್ಲಿ? ಕಾಡಿನಲ್ಲಲ್ಲ, ಕೈಗಾರಿಕಾ ಪ್ರದೇಶದ ಬಳಿ, ಹಿಂದೆ ಮರದ ದಿಮ್ಮಿ ರಾಶಿ ಹಾಕುತ್ತಿದ್ದ ಜಾಗದಲ್ಲಿ. ಇದರ ಹತ್ತಿರದ ನೆಂಟರು ಇರುವುದು ಆಗ್ನೇಯ ಏಷ್ಯಾದಲ್ಲಿ. ಆದ್ದರಿಂದ ಬಂದರಿಗೆ ಬಂದ ಮರದ ಜೊತೆಗೆ ಇದರ ಹಿರಿಯರು ಹಡಗು ಹತ್ತಿ ಬಂದಿರಬಹುದೇ ಎಂಬ ಪ್ರಶ್ನೆಯನ್ನೂ ಸಂಶೋಧಕರು ಎತ್ತಿದ್ದಾರೆ. ಬಂದರಿನ ಊರಿಗೆ ಇದು ಆಶ್ಚರ್ಯದ ಮಾತಲ್ಲ. ನಮ್ಮಲ್ಲಿ ಎಷ್ಟೋ ಮನೆತನಗಳು ಎಲ್ಲಿಂದಲೋ ಬಂದು ಇಲ್ಲಿಯವರೇ ಆದವು.

ಹಡಗು ಹತ್ತುವುದರಲ್ಲಿ ನಮ್ಮ ದತ್ತಣ್ಣನೂ ಹಿಂದೆ ಬಿದ್ದಿಲ್ಲ, ಆದರೆ ಆ ಕತೆ ಅಷ್ಟು ಚೆನ್ನಾಗಿಲ್ಲ. ಮಡಗಾಸ್ಕರ್ ದ್ವೀಪದ ಬಂದರು ಪಟ್ಟಣ ತೊಮಾಸಿನಾದಲ್ಲಿ 2014ರಲ್ಲಿ ಇದೇ ಜಾತಿಯ ನೆಲಗಪ್ಪೆಗಳು ಓಡಾಡುವುದು ವಿಜ್ಞಾನಿಗಳಿಗೆ ಗೊತ್ತಾಯಿತು. ಸರಕಿನ ಪೆಟ್ಟಿಗೆಗಳ ಜೊತೆ ಬಂದಿರಬೇಕು. ಅಲ್ಲಿಯ ಹಾವು ಹಲ್ಲಿಗಳಿಗೆ ನೆಲಗಪ್ಪೆಯ ವಿಷದ ಅಭ್ಯಾಸವೇ ಇಲ್ಲ, ತಿಂದರೆ ಸತ್ತವು. ಆಸ್ಟ್ರೇಲಿಯಾದಲ್ಲಿ 1935ರಲ್ಲಿ ಕಬ್ಬಿನ ದುಂಬಿ ತಿನ್ನಲಿ ಎಂದು ಹವಾಯಿಯಿಂದ ಸುಮಾರು ನೂರು ಕೇನ್ ಟೋಡ್‌ಗಳನ್ನು ಬೇಕೆಂದೇ ತಂದು ಬಿಟ್ಟರು. ದುಂಬಿ ಹಾಗೆಯೇ ಉಳಿಯಿತು, ನೆಲಗಪ್ಪೆ ಖಂಡದಲ್ಲಿ ದೂರದೂರಕ್ಕೆ ಹಬ್ಬಿತು. ನಮ್ಮಲ್ಲಿ ಹಾಗಾಗುವುದಿಲ್ಲ. ಇಲ್ಲಿಯ ಕೇರೆ ಹಾವು, ನೀರೊಳ್ಳೆ, ನಾಗರ, ಎಲ್ಲರಿಗೂ ನೆಲಗಪ್ಪೆ ಊಟವೇ. ತಲೆತಲಾಂತರದ ಲೆಕ್ಕ ಇದು, ಜಮೆ ಖರ್ಚು ಸರಿಯಾಗಿಯೇ ಇದೆ.

ಹತ್ತಿರದ ಇನ್ನೂ ಮೂರು ಹೆಸರು ಹೇಳಿಬಿಡುತ್ತೇನೆ, ಮಕ್ಕಳು ಶಾಲೆಯಲ್ಲಿ ಹೇಳಿದರೆ ಟೀಚರು ಬೆರಗಾಗಲಿ. ಬಾವುಟಗುಡ್ಡೆಯ ಮೇಲಿನ ಸಂತ ಅಲೋಶಿಯಸ್ ಕಾಲೇಜು ಗೊತ್ತಲ್ಲ? 2009ರಲ್ಲಿ ಮಂಗಳೂರಿನ ಒಂದು ನೀರುಕಪ್ಪೆಗೆ ಆ ಕಾಲೇಜಿನ ಗೌರವಕ್ಕೆ 'ಅಲೋಶಿಯೈ' ಎಂದು ಹೆಸರಾಯಿತು. ಸಂತರ ಹೆಸರು ಕಾಲೇಜಿಗೆ, ಕಾಲೇಜಿನ ಹೆಸರು ಕಪ್ಪೆಗೆ. 2016ರಲ್ಲಿ ಮಣಿಪಾಲದ ಮುರಕಲ್ಲಿನ ಬಯಲಿನಲ್ಲಿ ಸಿಕ್ಕಿದ, ಹೆಬ್ಬೆರಳಿನ ಉಗುರಿನಷ್ಟೇ ಇರುವ ಕಪ್ಪೆಗೆ ಕಲ್ಲಿನ ಹೆಸರೇ ಬಂತು: 'ಲ್ಯಾಟರೈಟ್'. ಅದು ಕೂಗಿದರೆ ಜೀರುಂಡೆಯೋ ಏನೋ ಎಂದುಕೊಳ್ಳಬೇಕು. ನಾವು ಮನೆ ಕಟ್ಟಲು ಕಡಿಯುವ ಕಲ್ಲಿನ ಹೆಸರು ಒಂದು ಜೀವಿಗೆ! ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಗುರುತಿಸಿ 2014ರಲ್ಲಿ ಪ್ರಕಟಿಸಿದ ಕಪ್ಪೆಯ ಹೆಸರು ಅಚ್ಚ ಕನ್ನಡ: 'ಕುಂಬಾರ'. ಗಂಡು ಕಪ್ಪೆ ಕೈಯಲ್ಲಿ ಕೆಸರು ತೆಗೆದು ಮೊಟ್ಟೆಗಳ ಮೇಲೆ ಮೆತ್ತುತ್ತದೆ, ಕುಂಬಾರ ಮಣ್ಣು ಮೆತ್ತಿದ ಹಾಗೆ. ಪ್ರಪಂಚದ ಯಾವ ಮೂಲೆಯ ವಿಜ್ಞಾನಿಯೂ ಆ ಕಪ್ಪೆಯ ಬಗ್ಗೆ ಬರೆಯಬೇಕಾದರೆ ಈಗ ಕುಂಬಾರ ಎಂದು ಬರೆಯಲೇಬೇಕು.

ಈಗ ಅಜ್ಜ ಅಜ್ಜಿಯರೊಡನೆ ಸ್ವಲ್ಪ ಮಾತು. ಉಪ್ಪಿನ ಡಬ್ಬಿ ಹುಡುಗನ ಕೈಗೆ ಬಂದದ್ದು ಅಮ್ಮಮ್ಮನ ಮಾತಿನಿಂದ. ನೆಲಗಪ್ಪೆ ವಿಷ ಉಗುಳುವುದಿಲ್ಲ. ಕಣ್ಣಿನ ಹಿಂದೆ ಎರಡು ಕಡೆ ಉಬ್ಬಿದ ಗ್ರಂಥಿಗಳಿವೆ. ಗಟ್ಟಿಯಾಗಿ ಅದುಮಿದರೆ, ನಾಯಿ ಕಚ್ಚಿದರೆ, ಅಲ್ಲಿಂದ ಬಿಳಿ ಹಾಲಿನಂತಹ ವಿಷ ಒಸರುತ್ತದೆ. ನಾಯಿಯ ಬಾಯಲ್ಲಿ ನೊರೆ ಬರುವುದು ಅದಕ್ಕೇ. ಕೂಡಲೇ ಬಾಯಿ ತೊಳೆದು ಪಶುವೈದ್ಯರಿಗೆ ತೋರಿಸಬೇಕು. ಮುಟ್ಟಿದರೆ ನರಹುಲಿ ಬರುತ್ತದೆ ಎಂಬುದೂ ಸುಳ್ಳು. ನರಹುಲಿ ಬರುವುದು ಒಂದು ವೈರಸ್ಸಿನಿಂದ, ಅದು ಮನುಷ್ಯರಿಂದ ಮನುಷ್ಯರಿಗೆ ಬರುವುದು. ನೆಲಗಪ್ಪೆಯ ಮೈಯ ಗಂಟು ಅದರ ಚರ್ಮದ ಗ್ರಂಥಿ, ರೋಗವಲ್ಲ. ಹಿಡಿದೆತ್ತಿದರೆ ಹೆದರಿ ಕೈಮೇಲೆ ನೀರು ಬಿಟ್ಟೀತು. ಮುಟ್ಟಿದ ಕೈಯನ್ನು ಕಣ್ಣಿಗೆ ತಾಗಿಸದೆ ಸೋಪು ಹಚ್ಚಿ ತೊಳೆದರೆ ಸಾಕು. 'ಹಾವು ಬರುತ್ತದಲ್ಲ, ಕಪ್ಪೆ ಇದ್ದರೆ?' ಎನ್ನುವವರಿಗೆ: ಬರಬಹುದು, ನಿಜ. ಮನೆಯೊಳಗೆ ಬಾರದ ಹಾಗೆ ಬಾಗಿಲ ಸಂದಿಗೆ ಹಲಗೆ ಇಡಿ. ಬಂದ ನೆಲಗಪ್ಪೆಯನ್ನು ಕಸದ ಮೊರದಲ್ಲಿ ಮೆಲ್ಲ ಎತ್ತಿ ಹಿತ್ತಿಲಿಗೆ ಬಿಡಿ. ಗೆದ್ದಲು, ಇರುವೆ, ದುಂಬಿ ತಿಂದುಕೊಂಡು ಅದು ಅಲ್ಲಿರುತ್ತದೆ.

ಶೃಂಗೇರಿಗೆ ಹೋದವರು ತುಂಗೆಯ ಮೆಟ್ಟಿಲ ಬಳಿ ಕಪ್ಪೆಶಂಕರನನ್ನು ನೋಡಿರುತ್ತೀರಿ. ಬಿಸಿಲಿನಲ್ಲಿ ಹೆರಿಗೆ ನೋವು ತಿನ್ನುತ್ತಿದ್ದ ಕಪ್ಪೆಗೆ ಹಾವೊಂದು ಹೆಡೆ ಬಿಚ್ಚಿ ನೆರಳು ಕೊಟ್ಟದ್ದನ್ನು ಶಂಕರಾಚಾರ್ಯರು ಕಂಡರೆಂಬ ಐತಿಹ್ಯದ ಜಾಗ. ಉಡುಪಿಯಲ್ಲಿ 2019ರ ಜೂನಿನಲ್ಲಿ ಮಳೆ ಬರಲಿಲ್ಲವೆಂದು ಕಪ್ಪೆಗಳಿಗೆ ಮದುವೆ ಮಾಡಿಸಿದರು. ವರನಿಗೆ ವರುಣ್, ವಧುವಿಗೆ ವರ್ಷಾ ಎಂಬ ಹೆಸರೂ ಇಟ್ಟರು. ಅದೇ ವರ್ಷ ಭೋಪಾಲದಲ್ಲಿ ಮದುವೆಯಾದ ಜೋಡಿಗೆ, ಮಳೆ ಅತಿಯಾಯಿತೆಂದು ಸೆಪ್ಟೆಂಬರಿನಲ್ಲಿ ವಿಚ್ಛೇದನವನ್ನೂ ಮಾಡಿಸಿದರಂತೆ. ಮಳೆ ಬೇಕಾದಾಗ ಮದುಮಗ, ಮಳೆ ಬಂದಮೇಲೆ ಉಪ್ಪು. ನಮ್ಮ ವ್ಯವಹಾರ ಹೀಗೆ.

ಅಪಾರ್ಟ್‌ಮೆಂಟುಗಳ ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿ, ಬೈಲುಗದ್ದೆಗಳಿಗೆ ಮಣ್ಣು ತುಂಬಿಸಿದ ಮೇಲೆ ನೆಲಗಪ್ಪೆಗೆ ಸರಮಾಲೆ ಬಿಡಲು ನೀರಿನ ಗುಂಡಿ ಸಿಗುವುದೇ ಕಷ್ಟ. ಸಿಕ್ಕಿದ ಗುಂಡಿಗೆ ಹೋಗುವ ದಾರಿಯಲ್ಲಿ ರಸ್ತೆ ಇರುತ್ತದೆ. ಮೊದಲ ಮಳೆಯ ಮರುದಿನ ಬೆಳಿಗ್ಗೆ ನಾನು ಹಾಲು ತರಲು ಹೋಗುವಾಗ ನಮ್ಮ ಅಡ್ಡರಸ್ತೆಯಲ್ಲಿ ಚಕ್ರಕ್ಕೆ ಸಿಕ್ಕಿದ ಹನ್ನೊಂದನ್ನು ಎಣಿಸಿದೆ. ಸ್ಕೂಟರಿನವರು ಮಳೆಯ ರಾತ್ರಿ ಗೇಟಿನ ಬಳಿ ನಿಧಾನ ಮಾಡಿದರೆ ಎರಡು ನಿಮಿಷ ತಡವಾಗುತ್ತದೆ, ಅಷ್ಟೇ.

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ರಾತ್ರಿ ಮಳೆ ನಿಂತ ಮೇಲೆ ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ಜಗಲಿಯಲ್ಲಿ ದೀಪ ಆರಿಸಿ ಕುಳಿತುಕೊಳ್ಳಿ. ಟ್ರಾಂವ್ ಎಂದರೆ ಗೋಂಕರು. ಹೊಲಿಗೆ ಮೆಶಿನು ದೂರದಲ್ಲಿ ಓಡಿದ ಹಾಗೆ ಕುರ್ರ್ ಎಂದು ಎಳೆದರೆ ಗಂಡು ನೆಲಗಪ್ಪೆ. ಮತ್ತೆ ಅಜ್ಜಿಯನ್ನು ಕೇಳಿ, ನೆಲಗಪ್ಪೆಗೆ ನಿಮ್ಮ ಮನೆಮಾತಿನಲ್ಲಿ, ಅದು ತುಳುವೋ ಕೊಂಕಣಿಯೋ ಬ್ಯಾರಿಯೋ ಹವ್ಯಕವೋ ಅರೆಭಾಷೆಯೋ, ಏನು ಹೇಳುತ್ತಾರೆ ಎಂದು. 'ಚೀ' ಬಿಟ್ಟು ಬೇರೆ ಯಾವ ಹೆಸರಾದರೂ ಆದೀತು. ಒಂದು ಕಾರ್ಡಿನಲ್ಲಿ ಬರೆದು, ನಿಮ್ಮ ಊರಿನ ಹೆಸರನ್ನೂ ಸೇರಿಸಿ ಪತ್ರಿಕೆಯ ವಿಳಾಸಕ್ಕೆ ಕಳುಹಿಸಿ. ಬಂದ ಹೆಸರುಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ, ಮೊದಲನೆಯ ಸಾಲಿನಲ್ಲಿ ದತ್ತಣ್ಣ ಎಂದು ಈಗಾಗಲೇ ಬರೆದಾಗಿದೆ.